ಜೇಬಿನಲ್ಲಿ ಅಡಗಿದ್ದ ಬಲಗೈ

ಕೇಳುಗರೇ, ನಮಸ್ಕಾರ.

ಏಳನೇ ತರಗತಿಯ ಹುಡುಗನೊಬ್ಬ ಅಮ್ಮನ ಜೊತೆ ನನ್ನ ಹತ್ತಿರ ಬಂದಿದ್ದ. ಕೈ ತೋರಿಸಪ್ಪಾ ಅಂದೆ. ಎಡಗೈ ಮುಂದೆ ಮಾಡಿದ. ಬಲಗೈ ಚಡ್ಡಿ ಜೇಬಿನಲ್ಲೇ ಇತ್ತು. "ಶಾಲೇಲೂ ಹೀಗೇ ಡಾಕ್ಟ್ರೇ. ಉತ್ತರ ಗೊತ್ತಿದ್ರೂ ಕೈ ಎತ್ತಲ್ವಂತೆ" ಅಂದರು ಅವನ ಅಮ್ಮ. ಕ್ರಿಕೆಟ್ಟು, ಶಾಲೆ ಅಂತ ಸ್ವಲ್ಪ ಹೊತ್ತು ಮಾತಾಡಿಸಿದ ಮೇಲೆ ಆ ಕೈ ಹೊರಗೆ ಬಂತು. ನಡುಬೆರಳಿನ ಗೆಣ್ಣಿನ ಮೇಲೆ ಒಂದು, ಹೆಬ್ಬೆರಳಿನ ಉಗುರಿನ ಪಕ್ಕ ಎರಡು. ಹೂಕೋಸಿನ ಚೂರಿನ ಹಾಗೆ ಒರಟಾಗಿ ಎದ್ದಿದ್ದವು. ನರಹುಲಿ. ನಮ್ಮ ಕಡೆ ನರೂಲಿ ಅಂತಲೂ ಅನ್ನುತ್ತಾರೆ. ನಡುಬೆರಳಿನ ನರಹುಲಿಯ ಸುತ್ತ ಚರ್ಮ ಸುಟ್ಟು ಹೋಗಿತ್ತು. ಪಕ್ಕದ ಮನೆಯವರು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ್ದರಂತೆ.

ಆ ಹುಡುಗನಿಗೆ ರಾತ್ರಿ ನಿದ್ದೆ ಕೆಡಿಸಿದ್ದು ನರಹುಲಿ ಅಲ್ಲ, ಆ ಸುಟ್ಟ ಗಾಯ. ನನ್ನ ಹತ್ತಿರ ಬರುವ ಎಷ್ಟೋ ಜನರ ಕಥೆ ಹೀಗೇ ಇರುತ್ತದೆ. ಅದಕ್ಕೇ ಇವತ್ತು ಈ ವಿಷಯ ಮಾತಾಡಬೇಕು ಅನ್ನಿಸಿತು.

ಹೆಸರಲ್ಲೇ 'ನರ' ಇದೆ ಅಲ್ವಾ? ಹಾಗಾಗಿ ಇದು ನರದಿಂದ ಹುಟ್ಟುತ್ತದೆ, ಇದರ ಬೇರು ಆಳಕ್ಕೆ ಇಳಿದಿರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನರಹುಲಿ ಇರುವುದು ಚರ್ಮದ ಮೇಲಿನ ಪದರದಲ್ಲಿ ಮಾತ್ರ. ಅದರೊಳಗೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದನ್ನೇ ಬೇರು ಅಂದುಕೊಂಡು ಪಿನ್ನಿನಿಂದ ಕೀಳಲು ನೋಡುತ್ತಾರೆ. ಅವು ಬೇರಲ್ಲ, ರಕ್ತ ಹೆಪ್ಪುಗಟ್ಟಿದ ತೀರಾ ಸಣ್ಣ ರಕ್ತನಾಳಗಳು. ಕಿತ್ತರೆ ರಕ್ತ ಬರುತ್ತದೆ, ಅಷ್ಟೇ.

ಇದಕ್ಕೆ ಕಾರಣ ಒಂದು ವೈರಸ್. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇಟಲಿಯ ಚುಫೋ ಎಂಬ ವೈದ್ಯರು 1907ರಲ್ಲಿ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ನುಸುಳದ ಹಾಗೆ ಸೋಸಿ, ಆ ರಸವನ್ನು ತಮ್ಮ ಚರ್ಮಕ್ಕೇ ಚುಚ್ಚಿಕೊಂಡರು. ಕೆಲವು ತಿಂಗಳಾದ ಮೇಲೆ ಅಲ್ಲಿ ನರಹುಲಿ ಎದ್ದಿತು. ಬ್ಯಾಕ್ಟೀರಿಯಾಗಿಂತ ಸಣ್ಣದೊಂದು ಇದನ್ನು ಹರಡುತ್ತದೆ ಅಂತ ಅವತ್ತು ಗೊತ್ತಾಯಿತು. ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಗೆ ಬರುವುದು ಒಂದು ಬಗೆ, ಅಂಗಾಲಿಗೆ ಬರುವುದು ಇನ್ನೊಂದು, ಮುಖದ ಮೇಲೆ ಚಪ್ಪಟೆಯಾಗಿ ಏಳುವುದು ಮತ್ತೊಂದು.

ವೈರಸ್ ಒಳಗೆ ಹೋಗಬೇಕಾದರೆ ಚರ್ಮದಲ್ಲಿ ಒಂದು ಸಣ್ಣ ಸಂದು ಬೇಕು. ತರಚಿದ ಗಾಯ, ಬಿರುಕು, ಕಚ್ಚಿ ಕಚ್ಚಿ ಹರಿದ ಉಗುರಿನ ಅಂಚು, ಇಷ್ಟು ಸಾಕು. ಆ ಹುಡುಗನ ಹೆಬ್ಬೆರಳಿನ ಉಗುರು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅವನಿಗೆ ಉಗುರು ಕಚ್ಚುವ ಅಭ್ಯಾಸ ಇತ್ತು. ಒಳಗೆ ಹೋದ ವೈರಸ್ ಕಣ್ಣಿಗೆ ಕಾಣಲು ಎರಡು ತಿಂಗಳಿಂದ ಆರು ತಿಂಗಳು ಹಿಡಿಯಬಹುದು, ಕೆಲವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಯಾರಿಂದ ಬಂತು ಅಂತ ಹುಡುಕುತ್ತಾ ಕೂರುವುದು ಸುಮ್ನೆ. ಕೊಳಕಾಗಿದ್ದರೆ ಬರುತ್ತದೆ, ಯಾರದ್ದೋ ದೃಷ್ಟಿ ಬಿದ್ದು ಬರುತ್ತದೆ ಎನ್ನುವ ಮಾತುಗಳನ್ನು ಮಕ್ಕಳ ಎದುರು ದಯವಿಟ್ಟು ಆಡಬೇಡಿ. ಕೈ ಜೇಬಿಗೆ ಹೋಗುವುದು ಇಂಥ ಮಾತುಗಳಿಂದಲೇ.

ಇಲ್ಲಿ ಇನ್ನೊಂದು ಗೊಂದಲ ಇದೆ. ನಲವತ್ತು ದಾಟಿದವರ ಕುತ್ತಿಗೆ, ಕಂಕುಳಲ್ಲಿ ಮೆತ್ತಗೆ, ಸಣ್ಣ ತೊಟ್ಟಿನಿಂದ ನೇತಾಡುವ ಚರ್ಮದ ಗಂಟುಗಳು ಬರುತ್ತವಲ್ಲ, ಅದಕ್ಕೂ ನಾವು ನರಹುಲಿ ಅಂತಲೇ ಅನ್ನುತ್ತೇವೆ. ಅದು ಬೇರೆ. ಅದು ಅಂಟುವುದಿಲ್ಲ. ತೂಕ ಜಾಸ್ತಿ ಇರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅಂಥ ಗಂಟುಗಳು ಒಟ್ಟೊಟ್ಟಿಗೆ ತುಂಬಾ ಬಂದಿದ್ದರೆ ಒಮ್ಮೆ ರಕ್ತದ ಸಕ್ಕರೆ ನೋಡಿಸಿ.

ಈಗ ಆ ಹುಡುಗನ ನರಹುಲಿಗೇ ಬರೋಣ. ಇದು ತಾನಾಗಿಯೇ ಹೋಗುತ್ತದಾ? ಹೌದು, ಬಹಳ ಸಲ ಹೋಗುತ್ತದೆ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನರಹುಲಿಗಳು ಒಂದು ವರ್ಷದೊಳಗೆ, ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಯಾವ ಔಷಧಿಯೂ ಇಲ್ಲದೆ ಮಾಯವಾಗುತ್ತವೆ. ದೇಹಕ್ಕೆ ಒಂದು ದಿನ ಆ ವೈರಸ್ಸಿನ ಗುರುತು ಸಿಗುತ್ತದೆ, ಅದನ್ನು ಹೊರಗೆ ಹಾಕುತ್ತದೆ. ದೊಡ್ಡವರಲ್ಲಿ ಇದು ನಿಧಾನ.

ದೇವರ ಕೊಳಕ್ಕೆ ಉಪ್ಪು, ಮೆಣಸು ಹಾಕಿ ಹರಕೆ ತೀರಿಸಿದೆವು, ಹೋಯಿತು ಅನ್ನುವವರು ಇದ್ದಾರೆ. ನಾನು ಅವರ ಜೊತೆ ವಾದ ಮಾಡುವುದಿಲ್ಲ. ಹರಕೆಯಿಂದ ಚರ್ಮಕ್ಕೆ ನೋವಾಗುವುದಿಲ್ಲ, ಕಾಯುವ ತಾಳ್ಮೆಯೂ ಬರುತ್ತದೆ. ನನಗೆ ಭಯ ಇರುವುದು ಎಕ್ಕದ ಹಾಲು, ಕಳ್ಳಿ ಹಾಲು, ಸುಣ್ಣ, ಗೇರು ಎಣ್ಣೆ, ಬ್ಲೇಡು ಇವುಗಳ ಬಗ್ಗೆ. ಎಕ್ಕದ ಹಾಲು ಮುಟ್ಟಿದ ಬೆರಳಿನಲ್ಲಿ ಕಣ್ಣು ಉಜ್ಜಿಕೊಂಡರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಊದಿಕೊಂಡು ನೋಟ ಮಂಜಾಗುತ್ತದೆ. ಬ್ಲೇಡಿನಿಂದ ಕತ್ತರಿಸಿದರೆ ವೈರಸ್ ಸುತ್ತಲಿನ ಚರ್ಮಕ್ಕೂ ಸೇರಿ, ಒಂದಿದ್ದದ್ದು ನಾಲ್ಕಾಗುತ್ತದೆ. ಕುದುರೆ ಬಾಲದ ಕೂದಲು ಬಿಗಿಯುವುದೂ ಬೇಡ, ಕೀವಾಗುತ್ತದೆ.

ಕಾಯಲು ಆಗುವುದಿಲ್ಲ, ನೋಯುತ್ತದೆ, ನಾಚಿಕೆಯಾಗುತ್ತದೆ ಅನ್ನುವವರಿಗೆ ಒಳ್ಳೆಯ ಚಿಕಿತ್ಸೆ ಇದೆ. ಕೈ ಕಾಲಿನ ನರಹುಲಿಗೆ ಮೊದಲು ಕೊಡುವುದು ಸ್ಯಾಲಿಸಿಲಿಕ್ ಆಸಿಡ್. ಔಷಧಿ ಅಂಗಡಿಯಲ್ಲಿ ಪುಟ್ಟ ಸೀಸೆಯಲ್ಲಿ, ಹಚ್ಚುವ ಕಡ್ಡಿಯ ಜೊತೆ ಸಿಗುತ್ತದೆ. ಸಾಮಾನ್ಯವಾಗಿ ಶೇಕಡ 17ರಷ್ಟು ಇರುತ್ತದೆ. ಇದನ್ನು ಹಚ್ಚುವ ಕ್ರಮ ಸರಿಯಾಗಿ ಗೊತ್ತಿಲ್ಲದೆ ಅರ್ಧ ಜನ ಹದಿನೈದು ದಿನಕ್ಕೇ ಬಿಟ್ಟುಬಿಡುತ್ತಾರೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ರಾತ್ರಿ ಮಲಗುವ ಮುಂಚೆ ಐದರಿಂದ ಹತ್ತು ನಿಮಿಷ ಆ ಜಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಮೇಲಿನ ಬೆಳ್ಳಗಾದ ಸತ್ತ ಚರ್ಮವನ್ನು ಉಗುರು ಉಜ್ಜುವ ಮರಳು ಕಾಗದದ ಪಟ್ಟಿಯಿಂದ ಮೆಲ್ಲಗೆ ಉಜ್ಜಿ. ರಕ್ತ ಬರುವಷ್ಟು ಬೇಡ. ಆ ಪಟ್ಟಿಯನ್ನು ಬೇರೆ ಯಾರೂ ಬಳಸಬಾರದು, ನೀವೂ ಒಳ್ಳೆಯ ಚರ್ಮಕ್ಕೆ ಅಥವಾ ಉಗುರಿಗೆ ತಾಗಿಸಬಾರದು. ಒರೆಸಿ ಒಣಗಿಸಿ. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ. ಆಮೇಲೆ ನರಹುಲಿಯ ಮೇಲೆ ಮಾತ್ರ ಒಂದು ಹನಿ ಔಷಧಿ. ಒಣಗಲು ಬಿಡಿ. ಒಲೆ, ದೀಪದ ಹತ್ತಿರ ಹಚ್ಚಬೇಡಿ, ಈ ಔಷಧಿಗೆ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ.

ಹೀಗೆ ದಿನಾ, ಹನ್ನೆರಡು ವಾರದವರೆಗೆ. ಹೌದು, ಮೂರು ತಿಂಗಳು. ತುಂಬಾ ಉರಿದರೆ ಎರಡು ದಿನ ಬಿಟ್ಟು ಮತ್ತೆ ಶುರು ಮಾಡಿ. ಮುಖಕ್ಕೆ, ಗುಪ್ತಾಂಗಕ್ಕೆ, ಮಚ್ಚೆಗೆ ಇದನ್ನು ಹಚ್ಚಲೇಬಾರದು. ಸಕ್ಕರೆ ಕಾಯಿಲೆ ಇರುವವರು, ಪಾದಕ್ಕೆ ಸ್ಪರ್ಶ ಅಥವಾ ರಕ್ತದ ಓಡಾಟ ಕಡಿಮೆ ಇರುವವರು ಡಾಕ್ಟರನ್ನು ಕೇಳದೆ ಕಾಲಿಗೆ ಹಚ್ಚಬಾರದು. ಅವರಿಗೆ ಸಣ್ಣ ಗಾಯವೂ ದೊಡ್ಡ ಹುಣ್ಣಾಗುತ್ತದೆ.

ಅಂಗಾಲಿನಲ್ಲಿ ಬಂದಾಗ ಆಣಿಯಾ, ನರಹುಲಿಯಾ ಅನ್ನುವ ಅನುಮಾನ ಬರುತ್ತದೆ. ನೇರವಾಗಿ ಒತ್ತಿದಾಗ ಜಾಸ್ತಿ ನೋವಾದರೆ ಅದು ಆಣಿ ಇರಬಹುದು. ಎರಡೂ ಪಕ್ಕದಿಂದ ಚಿವುಟಿದಾಗ ನೋವು ಜಾಸ್ತಿಯಾದರೆ ನರಹುಲಿ. ಉಜ್ಜಿದ ಮೇಲೆ ಕಪ್ಪು ಚುಕ್ಕೆ ಕಂಡರಂತೂ ಅದು ನರಹುಲಿಯೇ.

ಆಸ್ಪತ್ರೆಯಲ್ಲಿ ಲಿಕ್ವಿಡ್ ನೈಟ್ರೋಜನ್ ಹಾಕಿ ಹೆಪ್ಪುಗಟ್ಟಿಸುವ ವಿಧಾನ ಇದೆ. ಅದು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಣ್ಣಗಿನ ದ್ರವ. ಎರಡು ಮೂರು ವಾರಕ್ಕೊಮ್ಮೆ, ಕೆಲವು ಸಲ ಮಾಡಬೇಕಾಗುತ್ತದೆ. ಗುಳ್ಳೆ ಏಳುತ್ತದೆ, ನಮ್ಮ ಮೈಬಣ್ಣದವರಿಗೆ ಅಲ್ಲಿ ಬಿಳಿ ಅಥವಾ ಕಪ್ಪು ಕಲೆ ಕೆಲವು ಕಾಲ ಉಳಿಯಬಹುದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕರೆಂಟಿನಿಂದ ಸುಡುವುದೂ ಇದೆ. ಹತ್ತಾರು ನರಹುಲಿ ಇದ್ದರೆ ಒಂದರೊಳಗೆ, ಮಕ್ಕಳಿಗೆ ದಡಾರ ಬರದಂತೆ ಹಾಕುವ ಎಂಎಂಆರ್ ಲಸಿಕೆಯಂಥದ್ದನ್ನು ಚುಚ್ಚಿ, ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತೇವೆ. ಕೆಲಸ ಮಾಡಿದರೆ ದೂರದ ನರಹುಲಿಗಳೂ ಉದುರುತ್ತವೆ. ಯಾವ ವಿಧಾನದಲ್ಲೂ ಮತ್ತೆ ಬರುವ ಸಾಧ್ಯತೆ ಇದ್ದೇ ಇದೆ. ಒಂದೇ ಸಲಕ್ಕೆ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗುಪ್ತಾಂಗದಲ್ಲಿ ಗಂಟು ಬಂದರೆ, ಬಣ್ಣ ಬದಲಾಗುತ್ತಾ ಬೆಳೆದರೆ, ಸುಮ್ನೆ ರಕ್ತ ಸೋರಿದರೆ, ವಯಸ್ಸಾದ ಮೇಲೆ ಹೊಸದಾಗಿ ಎದ್ದು ವಾಸಿಯಾಗದಿದ್ದರೆ, ನಾಚಿಕೆ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ರೋಗನಿರೋಧಕ ಶಕ್ತಿ ಕಡಿಮೆ ಇರುವವರೂ ತಡ ಮಾಡಬಾರದು.

ಎಚ್‌ಪಿವಿ ಅಂದ ಕೂಡಲೇ ತಾಯಂದಿರು ಗಾಬರಿಯಾಗಿ ಕೇಳುತ್ತಾರೆ, ಇದರಿಂದ ಕ್ಯಾನ್ಸರ್ ಬರುತ್ತದಾ ಅಂತ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆಗಳು. ಕೈಬೆರಳಿನ ನರಹುಲಿ ತರುವ ಬಗೆಗಳು ಅವಲ್ಲ. ಆ ಕ್ಯಾನ್ಸರ್ ತಡೆಯಲು ಎಚ್‌ಪಿವಿ ಲಸಿಕೆ ಇದೆ, ಹೆಣ್ಣುಮಕ್ಕಳಿಗೆ ಅದನ್ನು ಖಂಡಿತ ಹಾಕಿಸಿ, ಆದರೆ ಅದು ಇರುವುದು ಕೈ ನರಹುಲಿಗಾಗಿ ಅಲ್ಲ.

ಮನೆಯಲ್ಲಿ ಒಬ್ಬರಿಗಿದ್ದರೆ ಅವರ ಟವೆಲ್, ರೇಜರ್, ಉಗುರು ಕತ್ತರಿ ಬೇರೆ ಇರಲಿ. ಎಲ್ಲರೂ ಬಳಸುವ ಬಚ್ಚಲಿನಲ್ಲಿ, ಹಾಸ್ಟೆಲ್ಲಿನಲ್ಲಿ, ಈಜುಕೊಳದ ಸುತ್ತ ಚಪ್ಪಲಿ ಹಾಕಿಕೊಳ್ಳಿ. ಗಡ್ಡದ ಜಾಗದಲ್ಲಿ ನರಹುಲಿ ಇದ್ದರೆ ಅದರ ಮೇಲೆ ಬ್ಲೇಡು ಆಡಿಸಬೇಡಿ, ಕೆರೆದ ಗೆರೆಯುದ್ದಕ್ಕೂ ಸಾಲಾಗಿ ಏಳುತ್ತವೆ. ಮಗುವನ್ನು ಶಾಲೆ ಬಿಡಿಸಬೇಕಿಲ್ಲ. ಆಟದ ಹೊತ್ತಿಗೆ ಒಂದು ಅಂಟುಪಟ್ಟಿ ಹಾಕಿದರೆ ಸಾಕು.

ಆ ಹುಡುಗನ ಗಾಯ ಮೊದಲು ಮಾಯಿತು. ಆಮೇಲೆ ಔಷಧಿ ಶುರು ಮಾಡಿದೆವು. ಅವನ ಅಮ್ಮ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುತ್ತಿದ್ದರು. ನರಹುಲಿ ಇದ್ದ ಕಡೆ ಚರ್ಮದ ಗೆರೆಗಳು ಅಳಿಸಿ ಹೋಗಿರುತ್ತವೆ, ಅವು ಮತ್ತೆ ಮೂಡಿದರೆ ವಾಸಿಯಾಯಿತು ಅಂತ ಅರ್ಥ ಎಂದು ಅವರಿಗೆ ಹೇಳಿದ್ದೆ. ನಾಲ್ಕನೇ ತಿಂಗಳು ಇಬ್ಬರೂ ಬಂದರು. ನಾನು ಕೇಳುವ ಮೊದಲೇ ಹುಡುಗ ಬಲಗೈ ಚಾಚಿ, ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, "ಗೆರೆ ಬಂದಿದೆ ನೋಡಿ ಡಾಕ್ಟ್ರೇ" ಅಂದ.

ನಮಸ್ಕಾರ.