ನೋವು ಕಮ್ಮಿಯಾದರೆ ಭುಜ ವಾಸಿಯಾಯಿತು ಅಂತಲ್ಲ

(ಗಂಗಾವತಿಯಲ್ಲಿ ಕಬಡ್ಡಿ ಆಟಗಾರರಿಗೆ ಮತ್ತು ಅವರ ಮನೆಯವರಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಭುಜ ಒಂದಕ್ಕಿಂತ ಜಾಸ್ತಿ ಸಲ ಜಾರಿರುವವರು ಕೈ ಎತ್ತಿ ನೋಡೋಣ. ಜಾರದ ಕೈಯನ್ನೇ ಎತ್ತಿ, ಪರವಾಗಿಲ್ಲ.

ಸುಮಾರು ಜನ ಇದ್ದೀರಿ. ಈಗ ಇನ್ನೊಂದು ಪ್ರಶ್ನೆ. ಮೊದಲ ಸಲ ಜಾರಿದಾಗ ಜೀವ ಹೋದಂಗಾಗಿತ್ತು, ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಈಗ ಅಂಗಳದ ಪಕ್ಕ ಕೂತು ನೀವೇ ಕೂಡಿಸಿಕೊಂಡು ಮತ್ತೆ ಆಟಕ್ಕೆ ಇಳಿಯುತ್ತೀರಿ, ಅಲ್ವಾ? ಗೆಳೆಯರು ಭೇಷ್ ಅನ್ನುತ್ತಾರೆ. ನಿಮಗೂ ಭುಜ ಪಳಗಿದೆ ಅನ್ನಿಸುತ್ತದೆ. ಆ ನಂಬಿಕೆ ಕೆಡಿಸಲೆಂದೇ ನಾನು ಇವತ್ತು ಬಂದಿರುವುದು. ಅಷ್ಟು ಸಲೀಸಾಗಿ ಹೋಗಿ ಬರುತ್ತಿದೆ ಅಂದರೆ, ಅದನ್ನು ತಡೆದು ಹಿಡಿಯುವಂಥದ್ದು ಒಳಗೆ ಉಳಿದಿಲ್ಲ ಅಂತ ಅರ್ಥ.

ಸೊಂಟದ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಗುಳಿಯಲ್ಲಿ ಕೂತಿರುತ್ತದೆ. ಭುಜದಲ್ಲಿ ಗುಳಿ ಅಂತ ಹೇಳುವಷ್ಟು ಆಳವೇ ಇಲ್ಲ. ತಟ್ಟೆ ಮೇಲೆ ನಿಂಬೆಹಣ್ಣು ಇಟ್ಟಂತೆ. ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುವುದೂ ಸುಲಭ. ಗುಂಡು ಉರುಳದಂತೆ ಆ ತಟ್ಟೆಯಂಥ ಗುಳಿಯ ಅಂಚಿನ ಸುತ್ತ ಗಟ್ಟಿ ನಾರಿನ ಪಟ್ಟಿಯೊಂದಿದೆ. ಅದರ ಹೆಸರು ಲೇಬ್ರಮ್. ನೂರರಲ್ಲಿ 95ರಷ್ಟು ಸಲ ಭುಜ ಜಾರುವುದು ಮುಂದಕ್ಕೆ. ಹಾಗೆ ಜಾರುವಾಗ ಮುಂಭಾಗದ ಈ ಪಟ್ಟಿ ಎಲುಬಿನಿಂದ ಕಿತ್ತು ಬರುತ್ತದೆ. ಲಂಡನ್ನಿನ ಸರ್ಜನ್ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ವಿವರಿಸಿ ಬರೆದರು. ಇವತ್ತಿಗೂ ಆ ಗಾಯಕ್ಕೆ ಅವರದೇ ಹೆಸರು.

ಕಿತ್ತ ಪಟ್ಟಿ ತನ್ನ ಜಾಗದಲ್ಲೇ ಅಂಟಿಕೊಂಡರೆ ಸರಿ. ಹರೆಯದ ಹುಡುಗರಲ್ಲಿ ಅದು ಬಹಳ ಸಲ ತಪ್ಪು ಜಾಗದಲ್ಲಿ, ಕೆಳಕ್ಕೆ ಸರಿದು ಅಂಟುತ್ತದೆ. ಆಮೇಲೆ ಒಂದೊಂದು ಸಲ ಜಾರಿದಾಗಲೂ ಗುಂಡು ಹೋಗಿ ಅಂಚಿನ ಎಲುಬಿಗೇ ಉಜ್ಜುತ್ತದೆ. ಅಂಚು ಸವೆಯುತ್ತದೆ. ಗುಂಡಿನ ಹಿಂಬದಿಯಲ್ಲೂ ತಗ್ಗು ಬೀಳುತ್ತದೆ. ಅದನ್ನು 1940ರಲ್ಲಿ ಎಕ್ಸ್‌ರೇಯಲ್ಲಿ ಗುರುತಿಸಿ ಬರೆದವರು ಹಿಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಅಮೆರಿಕದ ವೈದ್ಯರು. ನೀವು ಕಟ್ಟೆ ಮೇಲೆ ಕೂತು ಕಟಕ್ ಅಂತ ಕೂಡಿಸಿಕೊಳ್ಳುತ್ತೀರಲ್ಲ, ಎಲುಬು ಸವೆಯುತ್ತಿರುವುದು ಅಲ್ಲೇ.

ಕೈ ಪಕ್ಕಕ್ಕೆ ಮೇಲೆದ್ದು ಹಿಂದಕ್ಕೆ ತಿರುಗಿದ ಭಂಗಿ ಇದೆಯಲ್ಲ, ಅದೇ ಅಪಾಯದ್ದು. ಚೈನ್ ಹಿಡಿದು ನಿಂತಾಗ ರೈಡರ್ ನುಗ್ಗಿದರೆ ನಿಮ್ಮ ಕೈ ಹೋಗುವುದು ಆ ಕಡೆಗೇ. ಕಬಡ್ಡಿ ಆಡದವರೂ ತಪ್ಪಿಸಿಕೊಳ್ಳಲಾಗದು. ಭತ್ತದ ಗದ್ದೆಗೆ ಎಣ್ಣೆ ಹೊಡೆಯುವ ಪಂಪು ಹೆಗಲಿಗೆ ಏರಿಸುವಾಗ ಎರಡನೇ ಪಟ್ಟಿಗೆ ಕೈ ಹಿಂದೆ ಚಾಚುತ್ತೀರಲ್ಲ, ಅದೂ ಇದೇ ಭಂಗಿ. ಬೆನ್ನ ಮೇಲೆ ಹದಿನೈದು ಹದಿನಾರು ಲೀಟರಿನ ಭಾರ ಬೇರೆ. ಹೆಣ್ಣುಮಕ್ಕಳಿಗೆ ಜಡೆ ಹಾಕಿಕೊಳ್ಳುವಾಗ ಜಾರುತ್ತದೆ. ಕೆಲವರಿಗೆ ನಿದ್ದೆಯಲ್ಲಿ ಮಗ್ಗಲು ಬದಲಿಸಿದರೂ ಸಾಕು. ಇಂಥ ಭುಜ ಇಟ್ಟುಕೊಂಡು ದಯವಿಟ್ಟು ಕಾಲುವೆಯಲ್ಲಿ ಈಜಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೆಳವಿನಲ್ಲಿ ಒಂದು ಕೈ ಕೈಕೊಟ್ಟರೆ ಹಿಡಿದುಕೊಳ್ಳಲು ಏನಿದೆ?

ಜಾರಿದಾಗ ಏನು ಮಾಡಬೇಕು? ಎಳೆಯಬೇಡಿ, ಎಳೆಯಲು ಬಿಡಬೇಡಿ. ಕೈಯನ್ನು ಹೇಗಿದೆಯೋ ಹಾಗೇ ಟವೆಲ್‌ನಿಂದ ಎದೆಗೆ ಕಟ್ಟಿ ಆಸ್ಪತ್ರೆಗೆ ಬನ್ನಿ. ಎಲುಬು ಮುರಿದಿದೆಯಾ ಅಂತ ಎಕ್ಸ್‌ರೇ ನೋಡಿಯೇ ಕೂಡಿಸಬೇಕು. ರಟ್ಟೆಯ ಹೊರಬದಿ ಮುಟ್ಟಿದರೆ ಜೋಮು ಹಿಡಿದಂತಿದ್ದರೆ ಮೊದಲೇ ಹೇಳಿ. ಅಲ್ಲಿ ಒಂದು ನರ ಜಗ್ಗಿರಬಹುದು.

ನಮ್ಮ ಕಡೆ ಕೀಲು ತಪ್ಪಿದರೆ ಬರೆ ಹಾಕಿಸುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇದನ್ನು ಹಳ್ಳಿಯವರ ಮೌಢ್ಯ ಅಂತ ನಗುವವರಿಗೆ ಒಂದು ವಿಷಯ ಹೇಳುತ್ತೇನೆ. ಸುಮಾರು 2400 ವರ್ಷದ ಹಿಂದೆ ಗ್ರೀಸ್ ದೇಶದ ಹಿಪೊಕ್ರೆಟಿಸ್ ಹೆಸರಿನ ಗ್ರಂಥದಲ್ಲೇ, ಪದೇ ಪದೇ ಜಾರುವ ಭುಜಕ್ಕೆ ಕಂಕುಳಲ್ಲಿ ಕಾದ ಕಬ್ಬಿಣದಿಂದ ಸುಡಬೇಕು ಅಂತಿದೆ. ಸುಟ್ಟ ಜಾಗ ಗಟ್ಟಿಯಾಗಿ ಬಿಗಿದುಕೊಳ್ಳಲಿ ಎಂಬುದು ಅವರ ಲೆಕ್ಕ. ಆಮೇಲೆ ಹಗಲು ರಾತ್ರಿ ಕೈಯನ್ನು ಮೈಗೆ ಕಟ್ಟಿಡಬೇಕು ಅಂತಲೂ ಇದೆ. ಆ ಎರಡನೇ ಮಾತನ್ನು ನಾವು ಇವತ್ತಿಗೂ ಪಾಲಿಸುತ್ತೇವೆ. ಸುಡುವುದನ್ನು ಮಾತ್ರ ಬಿಟ್ಟಿದ್ದೇವೆ, ನೀವೂ ಬಿಡಿ. ಚರ್ಮ ಸುಟ್ಟರೆ ಒಳಗಿನ ಪಟ್ಟಿ ಅಂಟುವುದಿಲ್ಲ.

ಆಪರೇಷನ್ ಎಲ್ಲರಿಗೂ ಬೇಕಾ? ಬೇಡ. ನಲವತ್ತು ದಾಟಿದವರಿಗೆ ಮತ್ತೆ ಜಾರುವುದು ಕಡಿಮೆ. ಆದರೆ ಅವರಲ್ಲಿ ಕೈ ಎತ್ತುವ ಸ್ನಾಯುಗಳನ್ನು ಎಲುಬಿಗೆ ಕೂಡಿಸುವ ಗಟ್ಟಿ ನಾರು, ಅಂದರೆ ರೊಟೇಟರ್ ಕಫ್, ಹರಿದಿರಬಹುದು, ಅದನ್ನು ನೋಡಬೇಕು. ಫಿಟ್ಸ್ ಬಂದು ಭುಜ ಜಾರುವವರಿಗೆ ಮೊದಲು ಫಿಟ್ಸ್ ಹತೋಟಿಗೆ ಬರಬೇಕು. ಹುಟ್ಟಿನಿಂದಲೇ ಕೀಲುಗಳು ಸಡಿಲ ಇರುವವರಿದ್ದಾರೆ, ಹೆಬ್ಬೆರಳು ಮಡಚಿ ಮುಂಗೈಗೆ ತಾಗಿಸುತ್ತಾರೆ. ಅವರಿಗೆ ತಿಂಗಳುಗಟ್ಟಲೆ ವ್ಯಾಯಾಮವೇ ಮೊದಲ ಮದ್ದು. ಉಳಿದದ್ದು ನಿಮ್ಮಂಥವರು: ಇಪ್ಪತ್ತರ ಆಸುಪಾಸು, ಮೈಗೆ ಮೈ ತಾಗುವ ಆಟ. ಈ ವಯಸ್ಸಿನಲ್ಲಿ ಒಮ್ಮೆ ಜಾರಿದರೆ ಮತ್ತೆ ಜಾರುವವರೇ ಹೆಚ್ಚು.

ಪರೀಕ್ಷೆ ಹೇಗಿರುತ್ತದೆ ಗೊತ್ತಾ? ಮಲಗಿಸಿ, ಕೈಯನ್ನು ಪಕ್ಕಕ್ಕೆ ಎತ್ತಿ, ಮೊಣಕೈ ಮಡಚಿ, ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತೇವೆ. ಕಣ್ಣು ಮಾತ್ರ ಮುಖದ ಮೇಲೆ. ನೋವಿನ ಮುಖ ಬೇರೆ, ಭಯದ ಮುಖ ಬೇರೆ. ಮಂಚದ ಅಂಚನ್ನು ಇನ್ನೊಂದು ಕೈ ಗಬಕ್ಕನೆ ಹಿಡಿಯುತ್ತದೆ, “ಸಾರ್, ಬೇಡ, ಹೋಗುತ್ತೆ” ಅನ್ನುತ್ತಾರೆ. ಅಂಗಳದಲ್ಲಿ ಏಳು ಜನರ ಮೇಲೆ ಬೀಳುವ ಹುಡುಗರೂ ಹಾಗೇ ಅನ್ನುತ್ತಾರೆ. ಆ ಭಯ ಸುಳ್ಳಲ್ಲ, ಭುಜಕ್ಕೆ ತನ್ನ ಸ್ಥಿತಿ ಗೊತ್ತಿರುತ್ತದೆ. ಆಮೇಲೆ ಪಟ್ಟಿ ನೋಡಲು ಎಮ್‌ಆರ್‌ಐ, ಎಲುಬು ಎಷ್ಟು ಸವೆದಿದೆ ಅಂತ ಅಳೆಯಲು ಸಿಟಿ ಸ್ಕ್ಯಾನ್.

ಯಾವ ಆಪರೇಷನ್ ಅನ್ನುವುದನ್ನು ಆ ಅಳತೆಯೇ ಬಹುಪಾಲು ತೀರ್ಮಾನಿಸುತ್ತದೆ. ಎಲುಬು ಚೆನ್ನಾಗಿದ್ದರೆ ಕೀಹೋಲ್. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಬಿಟ್ಟು, ಅಂಚಿನ ಎಲುಬಿಗೆ ಮೊಳೆಯಂಥ ಚಿಕ್ಕ ಚಿಕ್ಕ ಆ್ಯಂಕರ್ ಕೂಡಿಸಿ, ಅದರ ದಾರದಿಂದ ಪಟ್ಟಿಯನ್ನು ತನ್ನ ಜಾಗಕ್ಕೆ ಬಿಗಿಯುತ್ತಾರೆ. ಗುಂಡಿನ ಹಿಂದಿನ ತಗ್ಗು ದೊಡ್ಡದಿದ್ದರೆ ಹಿಂಬದಿಯ ಸ್ನಾಯುವನ್ನು ಅದರೊಳಗೆ ಹೊಲಿದು ತುಂಬುತ್ತಾರೆ. ಅಂಚಿನ ಎಲುಬು ನೂರಕ್ಕೆ 20-25ರಷ್ಟು ಹೋಗಿದ್ದರೆ ಬರೀ ಹೊಲಿಗೆ ನಿಲ್ಲುವುದಿಲ್ಲ. ಆಗ ಲಾಟರ್ಜೆ. 1954ರಲ್ಲಿ ಫ್ರಾನ್ಸಿನ ಲಿಯಾನ್ ಊರಿನ ಲಾಟರ್ಜೆ ಎಂಬ ಸರ್ಜನ್ ತೋರಿಸಿದ ದಾರಿ. ಭುಜದ ಮುಂದೆ ಕೊಕ್ಕೆಯಂಥ ಎಲುಬಿದೆ, ಅದನ್ನು ಅದಕ್ಕಂಟಿದ ಸ್ನಾಯುವಿನ ಸಮೇತ ಕತ್ತರಿಸಿ ಸವೆದ ಅಂಚಿಗೆ ಎರಡು ಸ್ಕ್ರೂ ಹಾಕಿ ಕೂಡಿಸುತ್ತಾರೆ. ಎಲುಬೂ ಸೇರಿತು, ಕೈ ಎತ್ತಿದಾಗ ಸ್ನಾಯುವೂ ಮುಂದೆ ಅಡ್ಡ ನಿಲ್ಲುತ್ತದೆ. ಗಟ್ಟಿ ಕೆಲಸ, ಆದರೆ ದೊಡ್ಡ ಕೆಲಸ. ನರಗಳು ಪಕ್ಕದಲ್ಲೇ ಹಾಯ್ದಿರುತ್ತವೆ, ಸ್ಕ್ರೂ ತೊಂದರೆ ಕೊಡಬಹುದು. ಕೀಹೋಲ್‌ನಲ್ಲಿ ಮುಗಿಯುವುದನ್ನು ಲಾಟರ್ಜೆಗೆ ತಂದುಕೊಳ್ಳುವವರು ನಾವೇ, ಕಾಯುತ್ತಾ ಕೂತು. ಮತ್ತೆ ಜಾರುವುದೇ ಇಲ್ಲ ಅಂತ ಗ್ಯಾರಂಟಿ ಎರಡಕ್ಕೂ ಇಲ್ಲ. ಹಾಗೆ ಬರೆದುಕೊಡುವ ವೈದ್ಯರಿದ್ದರೆ ಬೇರೆಯವರನ್ನೂ ಒಮ್ಮೆ ಕೇಳಿ.

ಈಗ ನನ್ನ ಪಾಲಿನ ಕೆಲಸ. ಆಪರೇಷನ್ ಮುಗಿಯಲು ಗಂಟೆ, ಎರಡು ಗಂಟೆ. ವಾಸಿಯಾಗಲು ಅರ್ಧ ವರ್ಷ.

ಮೊದಲ ರಾತ್ರಿ ಕೈಗೆ ಕುತ್ತಿಗೆಯ ಹತ್ತಿರ ಕೊಟ್ಟ ಇಂಜೆಕ್ಷನ್ನಿನಿಂದ ಜೋಮು ಇರುತ್ತದೆ. ನೋವೇ ಇಲ್ಲ ಅಂತ ಮಾತ್ರೆ ಬಿಟ್ಟರೆ ಜೋಮು ಇಳಿದ ಹೊತ್ತಿಗೆ ನೋವು ಒಮ್ಮೆಲೇ ಮೇಲೆ ಬೀಳುತ್ತದೆ. ಸಮಯಕ್ಕೆ ಮಾತ್ರೆ ತಗೊಳ್ಳಿ. ಕೆಲವು ವಾರ ಚಪ್ಪಟೆ ಮಲಗಲು ಆಗುವುದಿಲ್ಲ, ದಿಂಬು ಒಟ್ಟಿಕೊಂಡು ಒರಗಿ ಮಲಗಿ. ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಬನಿಯನ್ ಮರೆತುಬಿಡಿ, ಗುಂಡಿಯ ಅಂಗಿಯೇ ಸೈ. ನಮ್ಮ ಬೇಸಿಗೆ ಗೊತ್ತಲ್ಲ, ಕೈಯನ್ನು ಕುತ್ತಿಗೆಗೆ ತೂಗುಹಾಕುವ ಸ್ಲಿಂಗ್ ಒಳಗೆ ಕಂಕುಳು ಬೆಂದು ಹುಣ್ಣಾಗುತ್ತದೆ. ಮುಂದಕ್ಕೆ ಬಾಗಿ ಕೈಯನ್ನು ತಾನಾಗಿ ಇಳಿಬಿಟ್ಟು ಒರೆಸಿ, ತೆಳು ಹತ್ತಿ ಬಟ್ಟೆ ಇಡಿ.

ಎಲ್ಲರೂ ಕೇಳುವುದು ಒಂದೇ: ಬಲಗೈಲಿ ಊಟ ಮಾಡಬಹುದಾ? ನಿಮ್ಮ ಸರ್ಜನ್ ಬೇಡ ಅನ್ನದಿದ್ದರೆ ಮಾಡಬಹುದು. ಮೊಣಕೈ ಪಕ್ಕೆಗೆ ಅಂಟಿರಬೇಕು, ತಟ್ಟೆ ಎತ್ತರದಲ್ಲಿರಬೇಕು. ಕೈ ಚಾಚಿ ರೊಟ್ಟಿ ಬುಟ್ಟಿಗೆ ಹೋಗುವಂತಿಲ್ಲ, ಬಡಿಸಿಕೊಳ್ಳಿ.

ಸ್ಲಿಂಗ್ ನಾಲ್ಕರಿಂದ ಆರು ವಾರ. ಆಗಲೂ ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಬೇಕು. ಕೈ ಹೊರಕ್ಕೆ ತಿರುಗಿಸುವುದು ಮಾತ್ರ ನಾವು ಹೇಳಿದಷ್ಟೇ. ಆಮೇಲೆ ಗೋಡೆ ಮೇಲೆ ಬೆರಳು ನಡೆಸುತ್ತಾ ಕೈ ಎತ್ತುವುದು, ಮೂರನೇ ತಿಂಗಳ ಹೊತ್ತಿಗೆ ಬಲ ತರುವ ವ್ಯಾಯಾಮ. ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಕುಸ್ತಿಪಟುಗಳಿಗೆ ಪಕ್ಕದಲ್ಲೇ ಫಿಸಿಯೋ ಇರುತ್ತಾರೆ. ನಿಮಗೆ ದಿನಾ ಬಸ್ಸು ಹತ್ತಿ ಬರಲು ಆಗದು, ಗೊತ್ತು. ಹಳೇ ಸೈಕಲ್ ಟ್ಯೂಬ್ ಒಂದು ಸಾಕು. ಕಿಟಕಿ ಸರಳಿಗೆ ಕಟ್ಟಿ, ಕಂಕುಳಲ್ಲಿ ಮಡಚಿದ ಟವೆಲ್ ಇಟ್ಟು ಎಳೆಯಿರಿ. ಟವೆಲ್ ಬಿದ್ದರೆ ತಪ್ಪಾಗಿ ಎಳೆದಿರಿ ಅಂತ.

ನಾನು ಹೆದರುವುದು ಎರಡನೇ ತಿಂಗಳಿಗೆ. ನೋವು ಹೋಗಿರುತ್ತದೆ, ಹೊಲಿಗೆಯ ಗುರುತು ಮಾಸಿರುತ್ತದೆ. ಹುಡುಗ ಬೈಕ್ ಕೀ ಎತ್ತಿಕೊಳ್ಳುತ್ತಾನೆ, ಸಂಜೆ ಸುಮ್ನೆ ನೋಡಲು ಅಂತ ಅಂಗಳಕ್ಕೆ ಹೋಗುತ್ತಾನೆ. ಆದರೆ ಒಳಗೆ ಪಟ್ಟಿ ಎಲುಬಿಗೆ ಇನ್ನೂ ಪೂರ್ತಿ ಹಿಡಿದಿರುವುದಿಲ್ಲ. ಲಾಟರ್ಜೆ ಆಗಿದ್ದರೆ ಎಲುಬು ಕೂಡಿದ್ದು ಸ್ಕ್ಯಾನ್‌ನಲ್ಲಿ ಕಾಣಬೇಕು. ಗುಟ್ಕಾ, ಬೀಡಿ ಇದ್ದರೆ ಅದೂ ತಡ. ಮೂಟೆ ಹೊರುವವರು, ಪಂಪು ಹೊರುವವರು ನಾಲ್ಕೈದು ತಿಂಗಳು ಮನೆಯ ಕೆಲಸ ಬೇರೆಯವರಿಗೆ ಹಂಚಿ. ಸುಗ್ಗಿ ಮುಗಿಸಿ ಆಪರೇಷನ್‌ಗೆ ಬರುವುದು ಜಾಣತನ. ಕಬಡ್ಡಿಗೆ ಆರು ತಿಂಗಳಿಗಿಂತ ಮೊದಲು ಬೇಡ. ಕ್ಯಾಲೆಂಡರ್ ಒಂದೇ ಸಾಲದು, ಎರಡೂ ಕೈಯ ಬಲ ಹೆಚ್ಚುಕಡಿಮೆ ಸಮ ಬಂದಿರಬೇಕು, ಮಂಚದ ಮೇಲಿನ ಆ ಪರೀಕ್ಷೆಯಲ್ಲಿ ಭಯ ಹೋಗಿರಬೇಕು. ಕೋಚ್‌ಗಳಿಗೆ ಕೈಮುಗಿದು ಕೇಳುತ್ತೇನೆ, ಟೂರ್ನಮೆಂಟ್ ಹತ್ತಿರ ಬಂತು ಅಂತ ಇವರನ್ನು ಕರೆಯಬೇಡಿ.

ಖರ್ಚಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು 1961ರಿಂದ ಇದೆ, ಈಗ ಕೊಪ್ಪಳದಲ್ಲೂ ರಾಯಚೂರಿನಲ್ಲೂ ಇವೆ. ಮೊದಲು ಅಲ್ಲಿ ತೋರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ರೇಷನ್ ಕಾರ್ಡ್, ಆಧಾರ್ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಇರುತ್ತಾರೆ, ಅಡ್ಮಿಟ್ ಆಗುವ ಮೊದಲೇ ಅವರ ಹತ್ತಿರ ಆ್ಯಂಕರ್, ಸ್ಕ್ರೂ ಸೇರಿ ಏನೇನು ಬರುತ್ತದೆ ಅಂತ ಕೇಳಿಕೊಳ್ಳಿ.

ಇನ್ನು ಮಾತು ಸಾಕು. ಟವೆಲ್‌ನಿಂದ ಕೈ ಕಟ್ಟುವುದನ್ನು ತೋರಿಸುತ್ತೇನೆ, ಯಾರಾದರೂ ಒಬ್ಬರು ಮುಂದೆ ಬನ್ನಿ. ಆಮೇಲೆ ನಿಮ್ಮ ಪ್ರಶ್ನೆಗಳು.