ಉಪ್ಪಾಗೆ ಉದುರುವ ತನಕ

ಈ ವಿಡಿಯೊದಲ್ಲಿ ಮಳೆಯ ಸದ್ದಿಗೆ ಅಲ್ಲಿ ಆಡಿದ ಹೆಚ್ಚಿನ ಮಾತು ಕೇಳುವಂತಿಲ್ಲ. ಹಾಗಾಗಿ ಮನೆಗೆ ಮರಳಿ, ಬಾಗಿಲು ಹಾಕಿಕೊಂಡು, ಚಿತ್ರ ನೋಡುತ್ತಾ ಮಾತು ಸೇರಿಸುತ್ತಿದ್ದೇನೆ. ಇದು ಹೊಸನಗರ ತಾಲ್ಲೂಕಿನ ನಮ್ಮ ದೊಡ್ಡಪ್ಪನ ಮನೆ, ನಿಟ್ಟೂರಿನಿಂದ ಒಳಕ್ಕೆ. ಬಲಗಡೆ ಬೆಳ್ಳಗೆ ಕಾಣುವುದು ಮೋಡ. ಅದರ ಹಿಂದೆ ಕೊಡಚಾದ್ರಿ ಇದೆ. 1,343 ಮೀಟರ್ ಎತ್ತರದ ಬೆಟ್ಟ ನಾಲ್ಕು ದಿನದಲ್ಲಿ ಒಮ್ಮೆಯೂ ಮುಖ ತೋರಿಸಲಿಲ್ಲ. ಪುನರ್ವಸು ಮಳೆ ಹಿಡಿದರೆ ಹಾಗೆಯೇ. ಕೊಡಚಾದ್ರಿ ತೋರಿಸಿ ಎಂದು ಕೇಳುತ್ತಿರುವವರು ಜನವರಿಯವರೆಗೆ ಕಾಯಬೇಕು. ಈ ಸಲ ಬಂದದ್ದು ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣಿಗಾಗಿ.

ಹಳ್ಳದ ಮೇಲಿನ ಸಂಕ (ಮರದ ಕಾಲುಸೇತುವೆ) ದಾಟಿದ್ದು, ತೋಟದ ಏರಿ ಹತ್ತಿದ್ದು ಕಾಣುತ್ತಿದೆ. ಕಾಲಿಗೆ ಹಚ್ಚಿಕೊಂಡದ್ದು ಸುಣ್ಣ ಬೆರೆಸಿದ ತಂಬಾಕಿನ ನೀರು, ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ. ಅಷ್ಟು ಹಚ್ಚಿದರೂ ಏಳು ಹತ್ತಿದ್ದವು. ಮೇಲೆ ಅಡಿಕೆ ಮರದ ತುದಿಯಲ್ಲಿ ತೂಗುತ್ತಿರುವವರು ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುತ್ತಿದ್ದಾರೆ. ಮಳೆ ಒಂದು ತಾಸು ಬಿಡುವು ಕೊಟ್ಟರೆ ಸಾಕು, ಮಲೆನಾಡಿನ ತೋಟಗಳಲ್ಲೆಲ್ಲ ಇದೇ ಧಾವಂತ. ಕೊಳೆರೋಗ ಬಂದರೆ ವರ್ಷದ ಅನ್ನವೇ ಹೋಗುತ್ತದೆ. ಆ ಕೆಲಸದ ಬಗ್ಗೆ ಬೇರೆಯೇ ಒಂದು ವಿಡಿಯೊ ಮಾಡಬೇಕು. ಅಷ್ಟು ಎತ್ತರದಲ್ಲಿ, ಅಷ್ಟು ಜಾರುವ ಮರದಲ್ಲಿ… ಇರಲಿ, ಮರ ಬಂತು.

ಇದೇ ಉಪ್ಪಾಗೆ. ಪುಸ್ತಕದ ಹೆಸರು ಗಾರ್ಸಿನಿಯಾ ಗಮ್ಮಿ-ಗಟ್ಟ. ಹಳೆಯ ಹೆಸರು ಗಾರ್ಸಿನಿಯಾ ಕ್ಯಾಂಬೋಜಿಯಾ. ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ಈಗಲೂ ಅದೇ ಇರುತ್ತದೆ. ಹಣ್ಣನ್ನು ಹತ್ತಿರದಿಂದ ತೋರಿಸಿದ್ದೇನೆ: ಪುಟ್ಟ ಕುಂಬಳಕಾಯಿಯ ಹಾಗೆ ಗೀರು ಗೀರು, ಹಳದಿ ಬಣ್ಣ. ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಕೇರಳದವರ ಮೀನಿನ ಸಾರಿಗೆ ಬೀಳುವ ಕುಡಂಪುಳಿ ಇದೇ. ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ನಿಂತಿರುವ ಇನ್ನೊಂದು ಮರದಲ್ಲಿ ಒಂದು ಕಾಯಿಯೂ ಇಲ್ಲ. ಅದು ಗಂಡು. ಉಪ್ಪಾಗೆಯಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಕಾಯಿ ಬಿಡದ ಮರ ಯಾಕೆ ಎಂದು ಗಂಡುಗಳನ್ನೆಲ್ಲ ಸೌದೆಗೆ ಕಡಿದವರು ಇದ್ದಾರೆ. ಆಮೇಲೆ ಹೆಣ್ಣಿನಲ್ಲೂ ಫಸಲು ಬರಲಿಲ್ಲ ಎಂದು ಗೋಳಾಡಿದವರೂ ಅವರೇ.

ಈಗ ದೊಡ್ಡಪ್ಪನ ಕೈ ನೋಡಿ. ಕೈಯಲ್ಲಿ ಕತ್ತಿಯಿಲ್ಲ, ದೋಟಿಯಿಲ್ಲ, ಬರೀ ಹೆಡಿಗೆ. ಮರದ ಬುಡವನ್ನು ಮಳೆಗಾಲಕ್ಕೆ ಮೊದಲೇ ಹೆರೆದು, ಹಳೆಯ ಬಲೆ ಹಾಸಿದ್ದಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು, ತಾನಾಗಿ ಉದುರಿದ್ದನ್ನು ಆರಿಸುತ್ತಾರೆ. ಕೊಂಬೆ ಅಲುಗಾಡಿಸುವುದೂ ಇಲ್ಲ. ಮಂಗ ಕಚ್ಚಿ ಬಿಸಾಡಿದ್ದನ್ನು ಅಲ್ಲೇ ಬಿಡುತ್ತಾರೆ. ಆ ಬೀಜ ಅಲ್ಲೇ ಹುಟ್ಟಲಿ ಎಂದು. ಇಲ್ಲಿಂದ ಉತ್ತರಕ್ಕೆ, ಶರಾವತಿ ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿವೆ. 2019ರಲ್ಲಿ ಅವುಗಳ ಹೆಸರಿನಲ್ಲೇ ಅಲ್ಲೊಂದು ಅಭಯಾರಣ್ಯವಾಯಿತು. ಮರದಿಂದ ಇಳಿಯಲು ಒಲ್ಲದ ಪ್ರಾಣಿ ಅದು. ಕೊಂಬೆ ಕಡಿದರೆ ಅದರ ಊಟವೂ ಹೋಯಿತು, ದಾರಿಯೂ ಹೋಯಿತು.

ಬೇಲಿಯ ಆಚೆ ಸೊಪ್ಪಿನ ಬೆಟ್ಟ, ತೋಟಕ್ಕೆ ಸೊಪ್ಪು ತರುವ ಕಾಡು. ಇಲ್ಲಿ ಕ್ಯಾಮೆರಾ ಅಲುಗಾಡಿದೆ, ಕ್ಷಮಿಸಿ, ಕೈ ನಡುಗುತ್ತಿತ್ತು. ನೀವು ನೋಡುತ್ತಿರುವುದೂ ಉಪ್ಪಾಗೆ ಮರವೇ. ಕೊಂಬೆಗಳನ್ನೆಲ್ಲ ಕತ್ತಿಯಿಂದ ಕೊಚ್ಚಿದ್ದಾರೆ. ಹತ್ತಿ ಒಂದೊಂದಾಗಿ ಕೀಳುವಷ್ಟು ವ್ಯವಧಾನವಿಲ್ಲ. ಕೊಂಬೆಯನ್ನೇ ಕೆಡವಿ, ನೆಲದಲ್ಲಿ ಕೂತು ಕಾಯಿ ಬಿಡಿಸಿಕೊಂಡು ಹೋಗಿದ್ದಾರೆ. ಕಾಯಿ ಇನ್ನೂ ಹಸಿರು. ಬಲಿಯದ ಕಾಯಿ ಅದು, ಸಿಪ್ಪೆಯೂ ತೆಳ್ಳಗೆ. ಈ ಮರ ಮತ್ತೆ ಮೈತುಂಬಿಕೊಳ್ಳಲು ಎಷ್ಟು ವರ್ಷ ಬೇಕೋ. ಅಲ್ಲೇ ನಿಂತು, ಉಪ್ಪಾಗೆ ಸಂಗ್ರಹವನ್ನೇ ಸರ್ಕಾರ ನಿಷೇಧಿಸಬೇಕು ಎಂದು ಕೂಗಾಡಿದ್ದೇನೆ. ಆ ತುಣುಕನ್ನು ತೆಗೆದಿಲ್ಲ, ಹಾಗೇ ಇದೆ. ಸಂಜೆಯ ಹೊತ್ತಿಗೆ ನನ್ನ ಮಾತು ಬದಲಾಯಿತು.

ಬದಲಾಯಿಸಿದವರು ಬೆಟ್ಟದಲ್ಲಿ ಸಿಕ್ಕಿದ ಒಬ್ಬ ಹೆಂಗಸು. ಕ್ಯಾಮೆರಾ ಬೇಡ ಎಂದರು, ಆದ್ದರಿಂದ ಇಲ್ಲಿ ಬರೀ ಮರ ಕಾಣುತ್ತಿದೆ. ಮೂವತ್ತು ವರ್ಷದಿಂದ ಸೀಗೆ, ಅಂಟುವಾಳ, ಉಪ್ಪಾಗೆ ಆರಿಸಿ ಮಕ್ಕಳನ್ನು ಓದಿಸಿದವರು. ಹಸಿರು ಕಾಯಿ ಕಿತ್ತರೆ ನಷ್ಟ ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅವರು ಹೇಳಿದ್ದು ಇಷ್ಟು: ನಿಮ್ಮ ದೊಡ್ಡಪ್ಪನ ಮರಕ್ಕೆ ಬೇಲಿ ಇದೆ, ಅವರು ಕಾಯುತ್ತಾರೆ. ಬೆಟ್ಟದ ಮರವನ್ನು ಹಣ್ಣಾಗಲಿ ಎಂದು ನಾನು ಇವತ್ತು ಬಿಟ್ಟುಹೋದರೆ ನಾಳೆ ಬೆಳಿಗ್ಗೆ ಇನ್ನೊಬ್ಬರು ಬರುತ್ತಾರೆ. ಕಾದವಳಿಗೆ ಏನು ಉಳಿಯಿತು? ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿಷೇಧ ಹಾಕಿದರೆ ಹಗಲು ಕೊಚ್ಚುವವರು ರಾತ್ರಿ ಕೊಚ್ಚುತ್ತಾರೆ, ಆರಿಸಿ ಬದುಕುವವರು ಮಾತ್ರ ಮನೆಯಲ್ಲಿ ಕೂರುತ್ತಾರೆ. ಒಂದೆರಡು ವರ್ಷಕ್ಕೆಂದು ಕಾಡಿನ ಕಿರು ಉತ್ಪನ್ನವನ್ನು ಹರಾಜು ಹಾಕುವ ಪದ್ಧತಿಯೂ ಅಂಥದ್ದೇ. ಗುತ್ತಿಗೆ ಹಿಡಿದವನಿಗೆ ಮೂರನೆಯ ವರ್ಷದ ಮರದ ಚಿಂತೆ ಯಾಕೆ ಇರಬೇಕು? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಕಾಡುವಾಸಿಗಳಿಗೆ ಕೊಡುವ ಮಾತಿದೆ. ಅದು ಕಾಗದದಿಂದ ಇಳಿದು ಇಂಥ ಹೆಂಗಸಿನ ಕೈಗೆ ಬಂದರೆ, ಈ ಮರ ನಿನ್ನದು, ಮುಂದಿನ ವರ್ಷವೂ ನಿನ್ನದೇ ಎಂದು ಊರು ಒಪ್ಪಿದರೆ, ಅವರು ಖಂಡಿತ ಕಾಯುತ್ತಾರೆ.

ಈ ಹಳದಿ ಬಣ್ಣ ಏನು ಎಂದು ಕೇಳುತ್ತೀರಿ. ಮರದರಿಶಿನ ಎಂಬ ಔಷಧಿಯ ಬಳ್ಳಿ. ತೊಡೆ ಗಾತ್ರದ ಬಳ್ಳಿಯನ್ನು ಬುಡದಲ್ಲೇ ಕತ್ತರಿಸಿ ಒಯ್ದಿದ್ದಾರೆ, ಉಳಿದದ್ದು ಈ ಮೋಟು. ಒಳಗೆ ಬರ್ಬೆರಿನ್ ಎಂಬ ಹಳದಿ ರಾಸಾಯನಿಕ ಇರುವುದರಿಂದ ಅಷ್ಟು ಗಾಢ ಹಳದಿ. ಈ ಗಾತ್ರಕ್ಕೆ ಬರಲು ಹತ್ತಾರು ವರ್ಷ ಬೇಕು. ಇದರಲ್ಲೂ ಗಂಡು ಹೆಣ್ಣು ಬೇರೆ. ಒಂದನ್ನು ಕಡಿದರೆ ಇನ್ನೊಂದು ಬಂಜೆ. ಕಾಡಿನಿಂದ ಕಿತ್ತದ್ದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ ಎಂಬ ನಿರ್ಬಂಧ ಇದೆ. ಇದ್ದೂ ಮೋಟು ಇಲ್ಲಿದೆ. ಉಪ್ಪಾಗೆಯ ವಿಷಯದಲ್ಲಿ ನಿಷೇಧ ಬೇಡ ಎಂದವನು ಈ ಬಳ್ಳಿಯ ವಿಷಯದಲ್ಲಿ ಬೇಕೇ ಬೇಕು ಎನ್ನುತ್ತೇನೆ. ಉದುರುವ ಹಣ್ಣು ಬೇರೆ, ಕಡಿದರೆ ಸಾಯುವ ಬಳ್ಳಿ ಬೇರೆ. ಎರಡಕ್ಕೂ ಒಂದೇ ಕಾನೂನು ಹೊಲಿಯಲು ಆಗುವುದಿಲ್ಲ. ಆಗುಂಬೆಯಲ್ಲಿ ಔಷಧಿ ಗಿಡಗಳಿಗೆಂದೇ ಕಾಯ್ದಿಟ್ಟ ಕಾಡಿನ ತುಂಡು ಇದೆ. ಅಂಥ ಜಾಗ ಪ್ರತಿ ಹೋಬಳಿಗೂ ಒಂದು ಬೇಕು.

ಮಳೆ ಜೋರಾಯಿತು, ಓಡಿ ಬಂದೆವು.

ಇದು ದೊಡ್ಡಮ್ಮ ಮದ್ದಿಗೆಂದು ಅಶೋಕದ ಚಕ್ಕೆ, ಅಂದರೆ ತೊಗಟೆ, ತೆಗೆಯುತ್ತಿರುವುದು, ಹಿತ್ತಲಿನ ಮರ. ನಿಜವಾದ ಅಶೋಕ ಇದು, ಕೇಸರಿ ಹೂಗೊಂಚಲು ಬಿಡುವ ಸೀತಾ ಅಶೋಕ. ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ಕಂಬದ ಹಾಗೆ ನಿಂತಿರುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೇಟೆಯಲ್ಲಿ ಇದರ ಹೆಸರು ಹೇಳಿ ಅದರ ತೊಗಟೆ ಮಾರುವುದುಂಟು. ದೊಡ್ಡಮ್ಮ ಕಾಂಡವನ್ನು ಮುಟ್ಟುವುದಿಲ್ಲ. ಬಲಿತ ಪಕ್ಕದ ಕೊಂಬೆಯಲ್ಲಿ, ಒಂದೇ ಮಗ್ಗುಲಲ್ಲಿ, ಅಂಗೈ ಉದ್ದಕ್ಕೆ ಮೇಲಿಂದ ಕೆಳಕ್ಕೆ ಸೀಳುತ್ತಾರೆ. ಸುತ್ತ ಬಳೆಯ ಹಾಗೆ ಸುಲಿದರೆ ಮರ ಸಾಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ದೊಡ್ಡಮ್ಮನ ಭಾಷೆಯಲ್ಲಿ ಹೇಳಬೇಕೆಂದರೆ, ಗಂಟಲು ಬಿಟ್ಟು ಬೇರೆ ಎಲ್ಲಿ ಬೇಕಾದರೂ ಚಿವುಟು. ಗಾಯಕ್ಕೆ ಸಗಣಿ ಮೆತ್ತಿದರು. ಹೋದ ವರ್ಷದ ಗಾಯ ಅದೋ, ಮೇಲೆ, ಕೂಡಿಕೊಂಡು ಬಂದಿದೆ.

ಬಚ್ಚಲ ಒಲೆ. ನನಗೆ ಈ ಮನೆಯಲ್ಲಿ ಅತ್ಯಂತ ಇಷ್ಟದ ಜಾಗ. ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ ಅದರಲ್ಲಿ ಉಪ್ಪಾಗೆ ಸಿಪ್ಪೆ ಹರವಿದ್ದಾರೆ. ಸ್ನಾನದ ನೀರಿಗೆ ಹೇಗೂ ಉರಿಯುವ ಬೆಂಕಿ. ಅದೇ ಬಿಸಿಗೆ ನಾಲ್ಕು ದಿನದಲ್ಲಿ ಸಿಪ್ಪೆ ಕಪ್ಪಾಗಿ, ಚರ್ಮದ ಹಾಗೆ ಒಣಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಹಣ್ಣು ಸಿಗುವುದು ಮಳೆಗಾಲದಲ್ಲಿ, ಬಿಸಿಲು ಸಿಗುವುದಿಲ್ಲ. 1990ರ ದಶಕದಲ್ಲಿ ಉಪ್ಪಾಗೆಗೆ ದಿಢೀರನೆ ಬೆಲೆ ಬಂದಾಗ ಸಿಪ್ಪೆ ಒಣಗಿಸುವುದಕ್ಕೆಂದೇ ಕಾಡಿನ ಸೌದೆ ರಾಶಿ ರಾಶಿಯಾಗಿ ಉರಿಯಿತು. ಹಣ್ಣಿಗಾಗಿ ಒಂದು ಮರ, ಅದನ್ನು ಒಣಗಿಸಲು ಇನ್ನೊಂದು. ಆಮೇಲೆ ಕಡಿಮೆ ಸೌದೆಯ ಡ್ರೈಯರ್‌ಗಳು ಬಂದವು. ಊರಿಗೊಂದು ಇದ್ದರೂ ಎಷ್ಟೋ ಅನುಕೂಲ.

ಈಗ ಪೇಟೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾಲ್ಕು ದಿನದ ಸಂತೋಷವೆಲ್ಲ ಇಲ್ಲಿ ಕೆಟ್ಟುಹೋಯಿತು. ಮನೆಯಲ್ಲಿ ತೂಗಿದಾಗ ಚೀಲ ಬಿಟ್ಟು ಸರಿಯಾಗಿ 14 ಕೆ.ಜಿ. ಒಣ ಸಿಪ್ಪೆ ಇತ್ತು. ತಕ್ಕಡಿಯ ಚಿತ್ರ ನೋಡಿದಿರಲ್ಲ. ವ್ಯಾಪಾರಿ ಒಂದು ಹಿಡಿ ತೆಗೆದ, ಮುರಿದ, ಮೂಸಿದ, ತೇವ ಇದೆ ಎಂದ. ತೇವಕ್ಕೆಂದು 2 ಕೆ.ಜಿ. ವಜಾ. ಮುರಿದಾಗ ಲಟಕ್ಕೆಂದು ಸದ್ದಾಯಿತು, ನನ್ನ ಕಿವಿಯಲ್ಲಿ ಈಗಲೂ ಇದೆ. ತೇವ ಇದ್ದರೆ ಹಾಗೆ ಮುರಿಯುತ್ತದೆಯೇ? ಅಳೆಯುವ ಯಂತ್ರ ಇದೆಯೇ ಎಂದು ಕೇಳಿದೆ. ಕೈಯೇ ಯಂತ್ರ ಎಂದ. ಕೆ.ಜಿ.ಗೆ 120 ರೂಪಾಯಿಯಂತೆ 12 ಕೆ.ಜಿ.ಗೆ 1,440 ರೂಪಾಯಿ ಎಣಿಸಿದ. ಕೇಳಿದರೂ ಚೀಟಿ ಕೊಡಲಿಲ್ಲ. ದೊಡ್ಡಪ್ಪ ಸುಮ್ಮನೆ ಜೇಬಿಗಿಟ್ಟುಕೊಂಡರು. ಇಬ್ಬರು ನಾಲ್ಕು ವಾರ ಬೆಳಿಗ್ಗೆ ಸಂಜೆ ಬೆನ್ನು ಬಗ್ಗಿಸಿದ್ದಕ್ಕೆ ಬಂದದ್ದು ಅಷ್ಟು.

240 ರೂಪಾಯಿ ಹೋದದ್ದಕ್ಕೆ ಇಷ್ಟು ಮಾತೇ ಎನ್ನಬೇಡಿ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಮೂಲೆಯಲ್ಲಿದ್ದ ಚೀಲಗಳನ್ನು ನೋಡಿ. ಅದರಲ್ಲಿದ್ದದ್ದು ಹಸಿರು ಕಾಯಿಯ ಸಿಪ್ಪೆ. ತೆಳ್ಳಗೆ, ಚೂರು ಚೂರು. ಅದಕ್ಕೆಷ್ಟು ಎಂದೆ. ಅದಕ್ಕೂ 120. ಮೇಲಿನವರು ಪುಡಿ ಮಾಡಿ ರಸ ತೆಗೆಯುತ್ತಾರೆ, ಅವರಿಗೆ ಎಲ್ಲ ಒಂದೇ ಎಂದ. ನಮ್ಮ ಚೀಲವನ್ನೂ ಅದರ ಮೇಲೆಯೇ ಸುರಿದ. ಬೆಟ್ಟದಲ್ಲಿ ಆ ಹೆಂಗಸು ಹೇಳಿದ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ಕ್ಷಣದಲ್ಲಿ. ಕಾದವರ ಸಿಪ್ಪೆಗೂ ಕೊಚ್ಚಿದವರ ಸಿಪ್ಪೆಗೂ ಒಂದೇ ದರವಾದರೆ ಕಾಯುವುದಕ್ಕೆ ಯಾವ ಬೆಲೆಯೂ ಇಲ್ಲ ಎಂದಾಯಿತು. ಹಣ್ಣಿನ ಸಿಪ್ಪೆಗೆ ಮೂವತ್ತು ರೂಪಾಯಿ ಹೆಚ್ಚು ಕೊಡಲಿ, ಹಸಿರನ್ನು ವಾಪಸ್ ಕಳುಹಿಸಲಿ. ಎರಡೇ ವರ್ಷದಲ್ಲಿ ಬೆಟ್ಟದಲ್ಲಿ ಕತ್ತಿಯ ಸದ್ದು ತಗ್ಗುತ್ತದೆ ಎಂದು ನನಗೆ ನಂಬಿಕೆ. ಇದು ಆಗದ ಮಾತೇನೂ ಅಲ್ಲ. ಇದೇ ಸಹ್ಯಾದ್ರಿಯ ಮಹಾರಾಷ್ಟ್ರದ ಭಾಗದಲ್ಲಿ ಅಳಲೆಕಾಯಿ, ತಾರೆಕಾಯಿಗಳನ್ನು ಕಾಡು ಕೆಡಿಸದೆ ಆರಿಸಿದ್ದಕ್ಕೆ ಕೊಡುವ ಫೇರ್‌ವೈಲ್ಡ್ ಎಂಬ ಪ್ರಮಾಣಪತ್ರದ ನಿಯಮದಂತೆ ಆರಿಸಿ ಮಾರುತ್ತಿದ್ದಾರೆ. ತಾರೆಯ ಹಳೆಯ ಮರಗಳ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಮರ ಉಳಿಸಿದವರಿಗೆ ಒಳ್ಳೆಯ ದರ, ಹಕ್ಕಿಗೆ ಮನೆ.

ಇನ್ನೊಂದು ಸಂಕಟ. ಈ ಸಿಪ್ಪೆ ಕೊನೆಗೆ ಸೇರುವುದು ತೂಕ ಇಳಿಸುವ ಮಾತ್ರೆಗೆ, ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕಾಗಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಪ್ರಯೋಗದ ವರದಿ ಬಂತು. 135 ಜನ, 12 ವಾರ. ಕೆಲವರಿಗೆ ಇದು, ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ. ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ನಮ್ಮ ದೊಡ್ಡಮ್ಮ ಸಾರಿಗೆ ಎರಡು ಎಸಳು ಹಾಕುತ್ತಾರೆ, ಬೀಜದಿಂದ ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಆ ಉಪಯೋಗ ಸಾಕಾಗಿತ್ತು. ದಯವಿಟ್ಟು ಆ ಮಾತ್ರೆ ಕೊಳ್ಳಬೇಡಿ. ಸಿಪ್ಪೆ ಕೊಳ್ಳಿ, ಸಾರು ಮಾಡಿ.

ಕೊನೆಯ ಚಿತ್ರ, ಜಗುಲಿಯ ಪಕ್ಕ. ಬೀಜವನ್ನೆಲ್ಲ ತುಪ್ಪಕ್ಕೆ ಹಾಕದೆ ಒಂದು ಸೇರಿನಷ್ಟನ್ನು ದೊಡ್ಡಪ್ಪ ಮರಳಿನಲ್ಲಿ ಊರುತ್ತಿದ್ದಾರೆ. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು, ಅವಸರ ಮಾಡಿ ಕೆದಕಬಾರದು. ಈ ಸಾಲಿನಲ್ಲಿರುವ ಗಿಡಗಳು ಹೋದ ವರ್ಷದವು. ಆಗಸ್ಟಿನಲ್ಲಿ ಬೆಟ್ಟದ ಆ ಕೊಚ್ಚಿದ ಮರದ ಸುತ್ತ ನೆಡುತ್ತಾರೆ. ಕಾಯಿ ಬಿಡಲು ಹತ್ತು ಹನ್ನೆರಡು ವರ್ಷ. ಹೂ ಬಿಡುವ ತನಕ ಗಂಡೋ ಹೆಣ್ಣೋ ತಿಳಿಯುವುದೂ ಇಲ್ಲ. ಅಷ್ಟೂ ಗಂಡಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ದೊಡ್ಡಪ್ಪ ಏನೋ ಹೇಳಿದರು, ನಿಟ್ಟೂರಿನ ಬಸ್ಸಿಗೆ ಹೊತ್ತಾಯಿತೆಂದು ದೊಡ್ಡಮ್ಮ ಒಳಗಿಂದ ಕೂಗಿದ್ದರಲ್ಲಿ ಅದು ಸರಿಯಾಗಿ ಕೇಳಿಸುವುದಿಲ್ಲ. ಹೆಣ್ಣಿಗೆ ಗಂಡು ಬೇಡವೇನೋ ಎಂದದ್ದು.