ಕಪ್ಪುರಂಧ್ರದ ಬಾಗಿಲಲ್ಲಿ ಐನ್‌ಸ್ಟೈನ್‌ಗೆ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

1919ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಪಕ್ಕ ಹಾಯುವಾಗ ಬಾಗಿದ್ದನ್ನು ಅಳೆದರು, ಅದನ್ನು ಮೊದಲೇ ಲೆಕ್ಕ ಹಾಕಿ ಹೇಳಿದ್ದ ಐನ್‌ಸ್ಟೈನ್ ಮನೆಮಾತಾದರು. ಆದರೆ ಗುರುತ್ವದ ಮಟ್ಟಿಗೆ ನಮ್ಮ ಸೂರ್ಯ ತೀರಾ ಸಾಧು. ಅವನ ಅಂಚಿನಲ್ಲಿ ಬೆಳಕು ಬಾಗುವುದು ಒಂದು ಡಿಗ್ರಿಯ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಐನ್‌ಸ್ಟೈನರ ಗುರುತ್ವದ ಸಿದ್ಧಾಂತವನ್ನು, ಅಂದರೆ ಸಾಮಾನ್ಯ ಸಾಪೇಕ್ಷತೆಯನ್ನು, ಸರಿಯಾಗಿ ಒರೆಗೆ ಹಚ್ಚಬೇಕೆಂದರೆ ಬೆಳಕನ್ನೂ ಹೊರಬಿಡದ ಕಪ್ಪುರಂಧ್ರದ ಬಾಗಿಲಿಗೇ ಹೋಗಬೇಕು.

ನಾವು ಹೋಗಲಾರೆವು. ಆದರೆ ಅಲ್ಲಿಂದ ಕ್ಷ-ಕಿರಣ ಬರುತ್ತದೆ. ಕಪ್ಪುರಂಧ್ರದೊಳಕ್ಕೆ ಬೀಳುವ ಮುನ್ನ ಅನಿಲ ಬಿಲ್ಲೆಯಾಗಿ ಹರಡಿ, ಗಿರಗಿರನೆ ಸುತ್ತಿ, ಕಾದು ಬೆಳಗುತ್ತದೆ. ಈ ಕಿರಣಗಳನ್ನು ನಮ್ಮ ವಾತಾವರಣ ನೆಲಕ್ಕೆ ಬಿಡುವುದಿಲ್ಲ. ನಮ್ಮ ಮೈಗೆ ಅದು ಒಳ್ಳೆಯದೇ, ಖಗೋಳ ವಿಜ್ಞಾನಿಗಳಿಗೆ ಮಾತ್ರ ತಾಪತ್ರಯ. ದೂರದರ್ಶಕವನ್ನೇ ಬಾಹ್ಯಾಕಾಶಕ್ಕೆ ಏರಿಸಬೇಕಾಗುತ್ತದೆ.

ಆ ಬಿಲ್ಲೆಯಲ್ಲಿ ಕಬ್ಬಿಣವೂ ಇದೆ. ಕ್ಷ-ಕಿರಣ ಬಡಿದಾಗ ಕಬ್ಬಿಣದ ಪರಮಾಣು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ತನ್ನದೇ ಕಿರಣವನ್ನು ಹೊಮ್ಮಿಸುತ್ತದೆ. ಕಿರಣಗಳನ್ನು ಶಕ್ತಿಯ ಪ್ರಕಾರ ಬಿಡಿಸಿಟ್ಟು ನೋಡಿದರೆ ಪ್ರಯೋಗಾಲಯದಲ್ಲಿ ಇದು ಸಪೂರ ಗೆರೆ. ಕಪ್ಪುರಂಧ್ರದ ಬಳಿ ಹಾಗಿರುವುದಿಲ್ಲ. ನಮ್ಮತ್ತ ಧಾವಿಸುವ ಅನಿಲದ ಕಿರಣಕ್ಕೆ ಶಕ್ತಿಯೂ ಹೊಳಪೂ ಹೆಚ್ಚು, ಆಚೆಗೆ ಓಡುವ ಅನಿಲದ್ದು ಎರಡೂ ಕಡಿಮೆ. ಇದರ ಮೇಲೆ ಗುರುತ್ವದ ಸುಂಕ ಬೇರೆ: ಆ ಸೆಳೆತವನ್ನು ದಾಟಿ ಬರುವ ಪ್ರತಿ ಕಿರಣವೂ ಒಂದಿಷ್ಟು ಶಕ್ತಿ ತೆರಬೇಕು. ಒಳಗಿನಿಂದ ಹೊರಟಷ್ಟೂ ಸುಂಕ ಜಾಸ್ತಿ. ಕೊನೆಗೆ ನಮಗೆ ತಲುಪುವ ಗೆರೆಗೆ ಕಡಿಮೆ ಶಕ್ತಿಯ ಕಡೆ ಉದ್ದನೆಯ ಬಾಲ ಬೆಳೆದಿರುತ್ತದೆ. ಜಪಾನಿನ ಆಸ್ಕಾ ಉಪಗ್ರಹ ಎಂಸಿಜಿ-6-30-15 ಎಂಬ ಗೆಲಾಕ್ಸಿಯಲ್ಲಿ ಇಂಥ ಬಾಲವನ್ನು ಕಂಡ ಸುದ್ದಿ 1995ರಲ್ಲಿ ಪ್ರಕಟವಾಯಿತು.

ತಕರಾರು ಬರದೆ ಇರಲಿಲ್ಲ. ಅದು ಗುರುತ್ವದ ಕೆಲಸವಲ್ಲ, ಅಡ್ಡ ಬಂದ ಅನಿಲದ ಮೋಡಗಳ ಆಟ ಎಂದವರಿದ್ದರು. ನ್ಯೂಸ್ಟಾರ್ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಕ್ಷ-ಕಿರಣ ದೂರದರ್ಶಕಗಳು 2012ರಲ್ಲಿ ಎನ್‌ಜಿಸಿ 1365 ಗೆಲಾಕ್ಸಿಯನ್ನು ಒಟ್ಟಿಗೆ ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾದ ಮೇಲೆ, ಅಲ್ಲಿನ ಮಟ್ಟಿಗಾದರೂ, ತಕ್ಕಡಿ ಗುರುತ್ವದ ಕಡೆ ವಾಲಿತು.

ಹಾಗಾದರೆ ಐನ್‌ಸ್ಟೈನ್ ಪಾಸಾದರೇ? ಪತ್ರಿಕೆಗಳ ತಲೆಬರಹ ಹಾಗೆನ್ನುತ್ತದೆ. ನನಗೆ ಅದು ಸ್ವಲ್ಪ ಅವಸರವೆನಿಸುತ್ತದೆ. ಗಣಿತಜ್ಞ ರಾಯ್ ಕೆರ್ 1963ರಲ್ಲಿ ಬಿಡಿಸಿದ ಐನ್‌ಸ್ಟೈನ್ ಸಮೀಕರಣದ ಪ್ರಕಾರ, ತಿರುಗುವ ಕಪ್ಪುರಂಧ್ರವನ್ನು ಬಣ್ಣಿಸಲು ಅದರ ದ್ರವ್ಯರಾಶಿ ಮತ್ತು ತಿರುಗುವಿಕೆ ಇವೆರಡೇ ಸಾಕು. ಸೂರ್ಯನ ಹತ್ತು ಪಟ್ಟು ರಾಶಿಯ ಕಪ್ಪುರಂಧ್ರ ತಿರುಗದೆ ನಿಂತಿದ್ದರೆ ಬಿಲ್ಲೆಯ ಒಳ ಅಂಚು ಕೇಂದ್ರದಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿರುತ್ತದೆ; ಅನಿಲದ ದಿಕ್ಕಿನಲ್ಲೇ ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ಸುಮಾರು 15 ಕಿಲೋಮೀಟರಿಗೆ ಬರುತ್ತದೆ. ಅಂಚು ಒಳಕ್ಕೆ ಬಂದಷ್ಟೂ ಗೆರೆಯ ಬಾಲ ಉದ್ದ. ಈಗ ಸಮೀಕರಣಕ್ಕೆ ಐನ್‌ಸ್ಟೈನ್ ಹೇಳದ ಒಂದು ಹೆಚ್ಚುವರಿ ಗಣಿತ ಪದವನ್ನು ಸೇರಿಸಿ, ಅದರ ಬೆಲೆ ಸೊನ್ನೆ ಬರುತ್ತದೆಯೇ ಎಂದು ನೋಡುವುದೇ ಪರೀಕ್ಷೆ. ತೊಡಕೂ ಇಲ್ಲೇ ಇದೆ. ಆ ಪದ ಗೆರೆಯ ಮೇಲೆ ಮಾಡುವ ಬದಲಾವಣೆಯನ್ನು ತಿರುಗುವಿಕೆಯೂ ಬಹುಪಾಲು ಮಾಡಬಲ್ಲದು. ಈತನಕ ಸೊನ್ನೆಗೆ ಹೊಂದುವ ಉತ್ತರಗಳೇ ಬಂದಿವೆ, ನಿಜ. ಆದರೆ ಬಿಲ್ಲೆ ಹೀಗೇ ಇರುತ್ತದೆ ಎಂದು ನಾವು ಊಹಿಸಿಕೊಂಡ ಮೇಲೆ.

ಅದಕ್ಕೇ ಬೇರೆ ಬೇರೆ ಸಾಕ್ಷಿಗಳು ಬೇಕು. ಕ್ಷ-ಕಿರಣದ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬುದು, ಅಂದರೆ ಧ್ರುವೀಕರಣ, ಅಂಥದ್ದೊಂದು ಸಾಕ್ಷಿ. ಗುರುತ್ವ ಅದನ್ನೂ ತಿರುಚುತ್ತದೆ. 2024ರ ಜನವರಿ 1ರಂದು ಶ್ರೀಹರಿಕೋಟದಿಂದ ಹಾರಿದ ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಇದನ್ನು ಅಳೆಯುವ ಪೋಲಿಕ್ಸ್ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. 2023ರಲ್ಲಿ ಜಪಾನ್ ಹಾರಿಸಿದ ಎಕ್ಸ್‌ರಿಸಮ್ ದೂರದರ್ಶಕ ಕಬ್ಬಿಣದ ಗೆರೆಯನ್ನೇ ಎಳೆಎಳೆಯಾಗಿ ಬಿಡಿಸುತ್ತದೆ. ದೂರದ ಮೋಡಗಳ ಸಪೂರ ಗೆರೆ ಯಾವುದು, ಒಳ ಅಂಚಿನ ಬಾಲ ಯಾವುದು ಎಂದು ಬೇರ್ಪಡಿಸುತ್ತದೆ. ಅದರ ಉಪಕರಣದ ಮುಂದಿನ ಕವಾಟ ಬಾಹ್ಯಾಕಾಶಕ್ಕೆ ಹೋದ ಮೇಲೆ ತೆರೆಯಲೇ ಇಲ್ಲ. ಕಡಿಮೆ ಶಕ್ತಿಯ ಕ್ಷ-ಕಿರಣಗಳು ಅಲ್ಲೇ ನಿಂತುಹೋಗುತ್ತವೆ. ಪುಣ್ಯಕ್ಕೆ ಕಬ್ಬಿಣದ 6.4 ಆ ಮುಚ್ಚಿದ ಕವಾಟದ ಬೆರಿಲಿಯಂ ಕಿಟಕಿಯನ್ನು ಸಲೀಸಾಗಿ ದಾಟಿ ಬರುತ್ತಿದೆ.

ನಮಸ್ಕಾರ.